ಚೀಲದ ಬುಡದ ಬೇಳೆ

ಸಿಟ್ಟು ಬಂದಾಗ ಉಚ್ಚಂಗೆವ್ವ ಕೂಗಾಡುತ್ತಿರಲಿಲ್ಲ. ಅವಳ ದನಿ ತಗ್ಗುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ ಅವಳನ್ನು ಬಲ್ಲವರು, ಆ ದನಿ ತಗ್ಗಿತೆಂದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಐವತ್ತೆರಡು ವರ್ಷದ ಕಡ್ಡಿಯಂಥ ಹೆಂಗಸು. ಮೂವತ್ತು ವರ್ಷದಿಂದ ಶೆಡ್ಡಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಬಂದವಳು. ಖಾರಕ್ಕೆ ಸುಟ್ಟು ಸುಟ್ಟು ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ಒಂದೊಂದೇ ಬೆರಳು ಒತ್ತುತ್ತ, ಹಿಂದೆ ನಿಂತವರ ಗೊಣಗಾಟ ಕೇಳುತ್ತ, ಕೊನೆಗೆ ಎಡಗೈ ಕಿರುಬೆರಳಿಗೆ ಅಕ್ಕಿ ಸಿಗುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು.

ಹುಟ್ಟಿದ್ದು ಗುತ್ತಲದ ಹತ್ತಿರದ ಹಳ್ಳಿಯಲ್ಲಿ. ತಾಯಿ ಕೂಲಿಗೆ ಹೋಗುತ್ತಿದ್ದ ಮನೆಯವರು ಜೋಳ ಅಳೆದು ಕೊಡುವ ಸೇರಿನ ತಳವನ್ನು ಒಳಕ್ಕೆ ಬಡಿದು ಎತ್ತರಿಸಿದ್ದರು. ಎಂಟು ವರ್ಷದ ಉಚ್ಚಂಗಿ ಅದನ್ನು ಕಂಡು, ಅಲ್ಲಿಯೇ ಎಲ್ಲರೆದುರು ಹೇಳಿಬಿಟ್ಟಳು. ತಾಯಿ ಅವಳ ಬಾಯಿ ಮುಚ್ಚಿ ಹೊರಗೆ ಎಳೆದುಕೊಂಡು ಬಂದಳು. ಆ ಮನೆಯವರ ಮೇಲಿನ ಸಿಟ್ಟು ಎಂದೋ ಆರಿತು, ಆದರೆ ಸುಮ್ಮನೆ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದ ಅವ್ವನ ಮೇಲಿನ ಸಿಟ್ಟು ಅವ್ವ ತೀರಿಕೊಂಡ ಮೇಲೂ ಆರಲಿಲ್ಲ.

ಹದಿನೇಳಕ್ಕೆ ಬ್ಯಾಡಗಿಯ ದುರಗಪ್ಪನಿಗೆ ಕೊಟ್ಟರು. ದುರಗಪ್ಪ ಮಾರುಕಟ್ಟೆಯಲ್ಲಿ ಹಮಾಲ. ನಾಲ್ಕು ವರ್ಷದ ಹಿಂದೆ ಲಾರಿಗೆ ಚೀಲ ಏರಿಸುವಾಗ ಸೊಂಟ ಹಿಡಿದು ಮನೆಯಲ್ಲಿ ಕೂತ. ಭಾರ ಹೊರಲು ಆಗುತ್ತಿರಲಿಲ್ಲ, ಆದರೆ ಕೈಗೆ ತೂಕದ ನೆನಪು ಮಾತ್ರ ಹಾಗೇ ಉಳಿದಿತ್ತು. ಅದರಿಂದಲೇ ಈ ಕತೆ ಶುರುವಾಯಿತು.

ಎರಡು ವರ್ಷದ ಹಿಂದಿನ ಮಾತು. ಕಾರ ಹುಣ್ಣಿಮೆಯ ಮುಂಚೆ ಉಚ್ಚಂಗೆವ್ವ ಓಣಿಯ ತುದಿಯ ಅಂದಾನೆಪ್ಪನ ಕಿರಾಣಿ ಅಂಗಡಿಯಿಂದ ಒಂದು ಕಿಲೋ ತೊಗರಿಬೇಳೆ ತಂದಳು. ಅದನ್ನು ಡಬ್ಬಿಗೆ ಸುರಿಯುವ ಮುಂಚೆ ದುರಗಪ್ಪನ ಕೈಗೆ ಕೊಟ್ಟು ಒಲೆಯ ಕಡೆ ತಿರುಗಿದಳು.

"ಎಷ್ಟ ತಂದಿ?" ಎಂದ ದುರಗಪ್ಪ.

"ಕಿಲೋ."

"ಕಿಲೋ ಅಲ್ಲಿದು."

"ಕುಂತಲ್ಲೇ ಎಲ್ಲಾ ತಿಳಿತೈತಿ ನಿಮಗ."

"ಇಪ್ಪತ್ತೆಂಟು ವರ್ಷ ಚೀಲ ಹೊತ್ತೇನಿ, ಕೈ ಸುಳ್ಳ ಹೇಳೂದಿಲ್ಲ. ಒಂಬತ್ನೂರು ಗ್ರಾಮೂ ಇಲ್ಲಿದು."

ಮರುದಿನ ಉಚ್ಚಂಗೆವ್ವ ಬುತ್ತಿಯ ಜೊತೆಗೆ ಆ ಪೊಟ್ಟಣವನ್ನೂ ಶೆಡ್ಡಿಗೆ ಒಯ್ದಳು. ಬಿಡಿಸಿದ ಮೆಣಸಿನಕಾಯಿ ತೂಗುವ ಕಾಟಾದ ಮೇಲೆ ಇಟ್ಟಳು. ಎಂಟುನೂರ ಎಂಬತ್ತು. ಸುತ್ತ ಕೂತ ಹೆಂಗಸರು ಕತ್ತು ಚಾಚಿ ನೋಡಿದರು. ಮರುದಿನ ಅವರೂ ಒಂದೊಂದು ಪೊಟ್ಟಣ ತಂದರು. ಸಕ್ಕರೆ, ರವೆ, ಕಡಲೆಬೇಳೆ, ಅವಲಕ್ಕಿ, ಎಲ್ಲವೂ ಅಂದಾನೆಪ್ಪನ ಅಂಗಡಿಯವೇ. ಒಂದಾದರೂ ಸಾವಿರ ಮುಟ್ಟಲಿಲ್ಲ. ತೊಟ್ಟು ಬಿಡಿಸುವ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ. ನೂರು ಗ್ರಾಂ ಅಂದರೆ ಎಷ್ಟು ಕಾಯಿ, ಎಷ್ಟು ಹೊತ್ತು, ಎಷ್ಟು ಸಲ ಕಣ್ಣುಜ್ಜಿಕೊಳ್ಳುವುದು, ಅಲ್ಲಿ ಕೂತ ಒಬ್ಬೊಬ್ಬರಿಗೂ ಗೊತ್ತಿತ್ತು. ಉಚ್ಚಂಗೆವ್ವ ಎಲ್ಲರ ಪೊಟ್ಟಣಗಳನ್ನು ಒಂದು ಬುಟ್ಟಿಗೆ ಹಾಕಿಕೊಂಡಳು.

ಅಂದಾನೆಪ್ಪ ಕೆಟ್ಟ ಮಾತಿನ ಮನುಷ್ಯನಲ್ಲ. ಹಣೆಗೆ ವಿಭೂತಿ, ಬಿಳಿ ಅಂಗಿ, ಎಲ್ಲರನ್ನೂ ತಂಗಿ, ಅವ್ವ ಎಂದು ಕರೆಯುವ ಬಾಯಿ. ಅಂಗಡಿಯಲ್ಲಿ ಆಗ ನಾಲ್ಕೈದು ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಉಚ್ಚಂಗೆವ್ವ ಬೇಳೆಯ ಪೊಟ್ಟಣ ಮುಂದಿಟ್ಟಳು.

"ಸಾವ್ಕಾರ್ರ, ಇದನ್ನ ತೂಗ್ರಿ."

ಅಂದಾನೆಪ್ಪ ತೂಗಿದ. ಕೆಂಪು ಅಂಕಿಗಳು ಸಾವಿರಕ್ಕೆ ಬಂದು ನಿಂತವು.

"ನೋಡವಾ, ಬರೋಬ್ಬರಿ ಐತಿ. ಮಷೀನ ಸುಳ್ಳ ಹೇಳತೈತೇನು?"

ಉಚ್ಚಂಗೆವ್ವ ಪೊಟ್ಟಣ ಕೆಳಗಿಳಿಸಿದಳು. ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದ ಕಂಪನಿಯ ಉಪ್ಪಿನ ಪಾಕೀಟೊಂದನ್ನು ತಾನೇ ಎತ್ತಿ ತಕ್ಕಡಿಯ ಮೇಲಿಟ್ಟಳು. ಮೇಲೆ ಒಂದು ಕಿಲೋ ಎಂದು ಅಚ್ಚಾದ, ಬಾಯಿ ಬಿಚ್ಚದ ಪಾಕೀಟು. ಅಂಕಿಗಳು ಸಾವಿರವನ್ನು ದಾಟಿ, ಸಾವಿರದ ನೂರ ನಲವತ್ತಕ್ಕೆ ನಿಂತವು.

ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಉಪ್ಪು ಥಂಡಿಗೆ ನೀರ ಹಿಡಿತೈತಿ," ಎಂದ ಅಂದಾನೆಪ್ಪ.

"ಪ್ಲಾಸ್ಟಿಕಿನೊಳಗ ಕುಂತು ನೀರ ಹಿಡಿತೈತೇನ್ರಿ?" ಉಚ್ಚಂಗೆವ್ವನ ದನಿ ಆಗಲೇ ತಗ್ಗಿತ್ತು. "ಎಷ್ಟ ವರ್ಷ ಆತ್ರಿ ಈ ಮಷೀನ ತಂದು? ಆರು ವರ್ಷ? ನಮ್ಮ ಮನಿ ಬೇಳಿ ಆರು ವರ್ಷ ನಿಮ್ಮ ಮನ್ಯಾಗ ಕುದ್ದೈತಿ."

ಅಂದಾನೆಪ್ಪನ ಮುಖ ಕೆಂಪಾಯಿತು. ಆದರೆ ಗಂಡಸರು ನೋಡುತ್ತಿದ್ದರಲ್ಲ, ನಗೆಯಾಡಿದ. "ನನ್ನ ಅಂಗಡಿ ನಿನಗ ಸೇರಲಿಲ್ಲಂದ್ರ ರಾಣೇಬೆನ್ನೂರಿಗೆ ಹೋಗು. ಚೀಲಗಟ್ಟಲೆ ತಗೊಂಬಾ. ನಾನೂ ನಿನ್ನ ಹಂತ್ಯಾಕನ ಬರತೇನಿ ಖರೀದಿಗೆ."

ಗಂಡಸರು ನಕ್ಕರು. ಅವರಲ್ಲಿ ಒಬ್ಬ ಉಚ್ಚಂಗೆವ್ವನ ಓಣಿಯವನೇ. ಅವನ ಹೆಂಡತಿಯ ಸಕ್ಕರೆಯ ಪೊಟ್ಟಣ ಅವಳ ಬುಟ್ಟಿಯಲ್ಲೇ ಇತ್ತು. ಅಂದಾನೆಪ್ಪನ ಮೋಸಕ್ಕಿಂತ ಆ ಒಬ್ಬನ ನಗೆ ಅವಳಿಗೆ ಹೆಚ್ಚು ಉರಿಯಿತು.

ಚೀಲಗಟ್ಟಲೆ ತರುವುದು ಎಂದು ಅವನು ಅಣಕಕ್ಕೆ ಆಡಿದ ಮಾತನ್ನು ಅವಳು ಮನೆಗೆ ಬರುವಷ್ಟರಲ್ಲಿ ಹತ್ತು ಸಲ ಮನಸ್ಸಿನಲ್ಲಿ ತಿರುವಿ ಹಾಕಿದಳು. ಒಂದು ಮನೆಗೆ ಒಂದು ಚೀಲ ಬೇಳೆ ಯಾತಕ್ಕೂ ಬೇಡ. ಹದಿನಾರು ಮನೆಗೆ ಒಂದು ಚೀಲ ಒಂದು ತಿಂಗಳಿಗೆ ಸರಿ. ಆ ಸಂಜೆಯೇ ಸಲ್ಮಾಳ ಮನೆಗೆ ಹೋದಳು. ಸಲ್ಮಾ ಪಿಯುಸಿ ಓದಿದವಳು, ರವಿಕೆ ಹೊಲಿಯುತ್ತಿದ್ದಳು, ಲೆಕ್ಕ ಚೊಕ್ಕ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಆಗತೈತಿ ಅಕ್ಕಾ," ಎಂದಳು. "ಆದ್ರ ಹಂಚಾಕ ಜಾಗಾ ಬೇಕು. ನನ್ನ ಮನ್ಯಾಗ ಮಷೀನ ಇಟ್ರ ಕಾಲ ಚಾಚಾಕೂ ಜಾಗಾ ಇಲ್ಲ."

ಜಾಗ ಇದ್ದದ್ದು ಶಾರದವ್ವನಿಗೆ. ಓಣಿಯಲ್ಲಿ ಅವಳದೊಂದೇ ದೊಡ್ಡ ಪಡಸಾಲೆಯ ಮನೆ. ಗಂಡ ಶೀತಲಗೃಹದಲ್ಲಿ ಗುಮಾಸ್ತ. ಅವಳಿಗೂ ಅಂದಾನೆಪ್ಪನ ಮೇಲೆ ಏನೋ ಹಳೆಯ ಸಿಟ್ಟಿತ್ತು. ಪಡಸಾಲೆ ಬಿಟ್ಟುಕೊಡಲು ಒಪ್ಪಿದಳು. ಅದಕ್ಕೆ ಪ್ರತಿಯಾಗಿ, ಮನೆಗೆ ಮೂರು ಕಿಲೋದಂತೆ ಹಂಚಿ ಉಳಿಯುವ ಎರಡು ಕಿಲೋ ಅವಳಿಗೆ ಎಂದು ಮಾತಾಯಿತು. ಒಂದು ವಾರದಲ್ಲಿ ಹದಿನಾರು ಮನೆ ಕೂಡಿದವು. ಕೊನೆಗೆ ಸೇರಿದವಳು ಗಂಗಾ. ಮೂವತ್ತು ವರ್ಷದ ವಿಧವೆ, ಓಣಿಯ ಕಟ್ಟಕಡೆಯ ತಗಡಿನ ಮನೆಯವಳು. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುತ್ತಿದ್ದಳು. "ನನಗೂ ಒಂದ ಪಾಲು ಇರ್ಲಿ ಯಕ್ಕಾ," ಎಂದು ಬಂದು, ಮಡಿಚಿಟ್ಟ ನೋಟುಗಳನ್ನು ಕೊಟ್ಟು ಹೋದಳು.

ರಾಣೇಬೆನ್ನೂರಿನ ಸಗಟು ವ್ಯಾಪಾರಿ ವಿಜಯಮಹಾಂತೇಶ ಉಚ್ಚಂಗೆವ್ವ, ಸಲ್ಮಾ ಇಬ್ಬರನ್ನೂ ಅರ್ಧ ತಾಸು ನಿಲ್ಲಿಸಿಯೇ ಇಟ್ಟ. ಬಂದವರಿಗೆಲ್ಲ ಮಾಲು ಕೊಟ್ಟು ಕಳಿಸಿ, ಕೊನೆಗೆ ಇವರ ಕಡೆ ತಿರುಗಿ, "ಯಾವ ಅಂಗಡಿ?" ಎಂದ.

"ಅಂಗಡಿ ಇಲ್ರಿ. ಉಣ್ಣಾಕ," ಎಂದಳು ಉಚ್ಚಂಗೆವ್ವ.

"ಚೀಲ ಬೇಳಿ ಉಣ್ಣಾಕ?"

"ಹದಿನಾರು ಮನಿ ಅದಾವ್ರಿ. ರೊಕ್ಕಾ ಎದರ ಎಣಿಸಿ ಕೊಡತೇವಿ, ಉದ್ರಿ ಕೇಳಾಕ ಬಂದಿಲ್ಲ. ನಿಮ್ಮ ಅಂಗಡಿಯವ್ರು ಎಲ್ಲಾರೂ ಹಿಂಗ ಕೊಡತಾರೇನ್ರಿ?"

ವಿಜಯಮಹಾಂತೇಶ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಚೀಲ ತರಿಸಿದ. ಉಚ್ಚಂಗೆವ್ವ ಮೊದಲು ತೂಗಿಸಿದಳು. ಆಮೇಲೆ ಬಾಯಿ ಬಿಚ್ಚಿಸಿ, ಮೊಣಕೈ ಮುಳುಗುವ ತನಕ ಕೈ ಹಾಕಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಇದಲ್ಲ, ಇನ್ನೊಂದ ತರ್ರಿ," ಎಂದಳು. ಮೂರನೆಯ ಚೀಲಕ್ಕೆ ಒಪ್ಪಿದಳು. ಅಲ್ಲಿದ್ದ ಹಮಾಲ ಬೈದುಕೊಳ್ಳುತ್ತಲೇ ಬಾಡಿಗೆಯ ಟಂಟಂ ಆಟೋಗೆ ಚೀಲ ಏರಿಸಿದ. ಜೊತೆಗೆ ಸಕ್ಕರೆ, ಬೆಲ್ಲದ ಪೆಂಟೆ, ಒಂದಿಷ್ಟು ಸಾಬೂನು. ಎಣ್ಣೆಯನ್ನು ಮಾತ್ರ ಮರುವಾರ ಹಾವೇರಿಯ ಒಂದು ಗಾಣದಿಂದ ಡಬ್ಬಿಗಟ್ಟಲೆ ತಂದರು.

ಮೊದಲ ತಿಂಗಳ ಹಂಚಿಕೆಯ ದಿನ ಶಾರದವ್ವನ ಪಡಸಾಲೆ ಮದುವೆ ಮನೆಯಂತಿತ್ತು. ಗೋಡೆಗೊರಗಿ ಕೂತ ದುರಗಪ್ಪ ಒಂದೊಂದು ಪಾಲನ್ನೂ ಕೈಯಲ್ಲಿ ಎತ್ತಿ ನೋಡಿ, "ಹೂಂ" ಎನ್ನುತ್ತಿದ್ದ. ಆಮೇಲೆಯೇ ತಕ್ಕಡಿ. ಅಂದಾನೆಪ್ಪನ ಅಂಗಡಿಯಲ್ಲಿ ಎರಡೂವರೆ ಕಿಲೋ ಬರುತ್ತಿದ್ದ ರೊಕ್ಕಕ್ಕೆ ಇಲ್ಲಿ ತುಂಬು ಮೂರು ಕಿಲೋ ಬಂದು, ಒಂದು ಸಾಬೂನಿನಷ್ಟು ಚಿಲ್ಲರೆಯೂ ಉಳಿಯಿತು. ಉಚ್ಚಂಗೆವ್ವ ಅಂದು ನಗಲಿಲ್ಲ. ಇಷ್ಟು ಸುಲಭದ ಕೆಲಸವನ್ನು ಮೂವತ್ತು ವರ್ಷ ಮಾಡದೆ ಕೂತೆವಲ್ಲ ಎಂದು ಅವಳಿಗೆ ಅದಕ್ಕೂ ಸಿಟ್ಟು.

ಅಂದಾನೆಪ್ಪನೂ ಸುಮ್ಮನೆ ಕೂರಲಿಲ್ಲ. ಆ ಹದಿನಾರು ಮನೆಯವರು ಒಂದು ಚಹಾಪುಡಿ, ಒಂದು ಬೆಂಕಿಪೊಟ್ಟಣ ಕೇಳಿದರೂ "ರಾಣೇಬೆನ್ನೂರಾಗ ಸಿಗತೈತಿ" ಎನ್ನತೊಡಗಿದ. ಎರಡನೆಯ ತಿಂಗಳು ಬೇಳೆಯ ಬೆಲೆ ಇಳಿಸಿದ. ಇಬ್ಬರು ಹೆಂಗಸರು ಈ ತಿಂಗಳು ನಮಗೆ ಬೇಡ ಎಂದರು. ಉಚ್ಚಂಗೆವ್ವ ಅವರ ಮನೆಗೆ ಹೋಗಿ, "ಬೆಲಿ ಇಳಿಸ್ಯಾನ, ಮಷೀನ ಬದಲಿಸ್ಯಾನೇನು? ತೂಗಿ ನೋಡೀರೇನು?" ಎಂದು ಕೇಳಿ ಅವರನ್ನು ಹಿಂದಕ್ಕೆ ಎಳೆದು ತಂದಳು. ಅಂದಿನಿಂದ ಅವಳ ಕಾನೂನು ಬಿಗಿಯಾಯಿತು. ರೊಕ್ಕ ಇಂಥ ದಿನವೇ ಬರಬೇಕು. ಹಂಚಿಕೆ ಭಾನುವಾರ ಬೆಳಗಿನ ಒಂಬತ್ತಕ್ಕೆ. ಬಂದವರಿಗೆ ಬಂದ ಹಾಗೆ. ತಡವಾದವರು ಉಳಿದದ್ದನ್ನು ಒಯ್ಯಬೇಕು. ಓಣಿಯಲ್ಲಿ ಜನ ಅವಳಿಗೆ ಮೊದಲಿಗಿಂತ ಹೆಚ್ಚು ಹೆದರತೊಡಗಿದರು. ಅದು ಅವಳಿಗೆ ಗೊತ್ತಿತ್ತು. ಹೆದರಿಕೆ ಇರಲಿ, ಇಲ್ಲದಿದ್ದರೆ ಇವರೆಲ್ಲ ನನ್ನ ಅವ್ವನ ಹಾಗೆ ಸೆರಗು ಒಡ್ಡಿ ನಿಲ್ಲುವವರೇ ಎಂದುಕೊಂಡಳು.

ಆರನೆಯ ತಿಂಗಳು ಗಂಗಾಳ ರೊಕ್ಕ ಬರಲಿಲ್ಲ. ಮರೆತಿರಬೇಕು ಎಂದುಕೊಂಡು ರೊಕ್ಕ ಕೂಡಿಸುವ ಸಲ್ಮಾ ಸುಮ್ಮನಿದ್ದಳು. ಆದರೆ ಮರುದಿನ ಶೆಡ್ಡಿನಿಂದ ಬರುವಾಗ ಉಚ್ಚಂಗೆವ್ವನ ಕಣ್ಣಿಗೆ ಬಿದ್ದದ್ದು, ಅಂದಾನೆಪ್ಪನ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತ ಗಂಗಾ. ಅಂದಾನೆಪ್ಪ ಬೇಳೆ ತೂಗುತ್ತಿದ್ದ. ಉಚ್ಚಂಗೆವ್ವನನ್ನು ಕಂಡು, ಬೇಕೆಂದೇ ಒಂದು ಹಿಡಿ ಹೆಚ್ಚಿಗೆ ಹಾಕಿ, "ಒಯ್ಯಿ ತಂಗಿ," ಎಂದ.

ಉಚ್ಚಂಗೆವ್ವ ಮನೆಗೆ ಹೋಗಲಿಲ್ಲ. ಗಂಗಾಳ ಹಿಂದೆಯೇ ನಡೆದು, ತಗಡಿನ ಬಾಗಿಲ ಮುಂದೆ ನಿಂತಳು.

"ಅಲ್ಲಿ ಯಾಕ ಹೋಗಿದ್ದಿ?" ಬಾಗಿಲಲ್ಲಿ ನಿಂತವಳಿಗಷ್ಟೇ ಕೇಳುವ ದನಿ.

"ಬೇಳಿ ತರಾಕ," ಎಂದಳು ಗಂಗಾ. ಒಳಗೆ ಬಾ ಎನ್ನಲಿಲ್ಲ.

"ಆರು ವರ್ಷ ನಿನ್ನ ಹೊಟ್ಟಿ ಮ್ಯಾಲ ಹೊಡದಾಂವ ಅಂವ. ನಾವು ಕಷ್ಟಪಟ್ಟು, ಬಸ್ಸಿಗೆ ನಿಂತು, ನಿನ್ನ ಪಾಲ ನಿನ್ನ ಕೈಗೆ ತಂದ ಕೊಟ್ರ, ನೀ ಹೊಳ್ಳಿ ಅವನ ಮುಂದನ ಚೀಲ ಹಿಡೀತಿ. ನಾಚಿಕಿ ಬರೂದಿಲ್ಲೇನು ನಿನಗ?"

ಗಂಗಾ ಒಳಗೆ ಹೋದಳು. ಒಂದು ಸ್ಟೀಲಿನ ಡಬ್ಬಿಯನ್ನೂ ಕೇರುವ ಮೊರವನ್ನೂ ತಂದು ಹೊಸ್ತಿಲ ಮೇಲಿಟ್ಟಳು. ಡಬ್ಬಿಯನ್ನು ಮೊರದಲ್ಲಿ ಬೋರಲು ಹಾಕಿ ಎರಡು ಸಲ ಕೇರಿದಳು. ಹಳದಿ ಧೂಳು ಎದ್ದಿತು. ಮೊರದಲ್ಲಿ ಉಳಿದದ್ದು ನುಚ್ಚು, ಸಿಪ್ಪೆ, ಗೋಣಿಯ ನಾರು, ಒಂದಿಷ್ಟು ಸಣ್ಣ ಹರಳು. ಇಡೀ ಬೇಳೆ ಎನ್ನಬಹುದಾದ್ದು ಒಂದು ಬೊಗಸೆ.

"ಇದು ಹೋದ ತಿಂಗಳ ನಿಮ್ಮ ಪಾಲು," ಎಂದಳು. "ಬೆಲ್ಲಾ ತೋರಸ್ಲೇನು? ಪೆಂಟಿ ಒಡದ ಮ್ಯಾಲ ಚಾಪಿ ಮ್ಯಾಲ ಬಿದ್ದ ಪುಡಿ. ಎಣ್ಣಿ? ಡಬ್ಬಿ ತಳದ ಗಸಿ. ತೂಕ ಬರೋಬ್ಬರಿ ಇರತೈತಿ ಯಕ್ಕಾ, ಅದಕ್ಕ ನಾ ಸುಳ್ಳ ಹೇಳೂದಿಲ್ಲ. ಮೂರು ಕಿಲೋ ಅಂದ್ರ ಮೂರು ಕಿಲೋ. ಆದ್ರ ಕೇರಿದ ಮ್ಯಾಲ ಎಷ್ಟ ಉಳಿತೈತಿ, ನೀನ ತೂಗಿ ನೋಡು. ಅಂದಾನೆಪ್ಪ ನೂರು ಗ್ರಾಮ ಹೊಡಿತಿದ್ದ. ನೀವು ಅರ್ಧಕ್ಕರ್ಧ ಹೊಡದ್ರಿ."

"ನಾವು ಹೊಡದ್ವಿ?"

"ಎಲ್ಲಾರೂ ಮ್ಯಾಲಿನ ಬೇಳಿ ಒಯ್ದ ಮ್ಯಾಲ ಬುಡದ್ದು ಯಾರಿಗೆ ಬಿತ್ತು?"

"ಹೇಳಬೇಕಿಲ್ಲೇನು ಬಾಯಿ ಬಿಟ್ಟು?"

"ಹೇಳೇನಿ. ಮೂರನೇ ತಿಂಗಳ, ಶಾರದವ್ವಾರ ಪಡಸಾಲ್ಯಾಗ ನಿಂತು, ಎಲ್ಲಾರ ಮುಂದ. ನೀ ಏನಂದಿ ನೆನಪೈತೇನು? ಹೊತ್ತಿಗೆ ಬರೂದು ಕಲಿ, ಅಂದಿ. ಭಾನುವಾರ ಒಂಬತ್ತಕ್ಕ ನಾ ರೊಟ್ಟಿ ಬಡಿಯೂದ ಬಿಟ್ಟು ಬಂದ್ರ, ಮುಂದಿನ ತಿಂಗಳ ನಿಮಗ ಕೊಡಾಕ ರೊಕ್ಕಾ ಎಲ್ಲಿಂದ ತರ್ಲಿ?"

ಉಚ್ಚಂಗೆವ್ವನಿಗೆ ನೆನಪಾಯಿತು. ಬಾಗಿಲ ಹತ್ತಿರ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದ ಗಂಗಾ, ಏನೋ ಹೇಳಲು ಬಾಯಿ ತೆರೆದಿದ್ದಳು. ತಾನು ಚೀಲ ಜಾಡಿಸುತ್ತ ಆ ಮಾತು ಅಂದದ್ದು, ಉಳಿದವರು ನಕ್ಕದ್ದು, ಎಲ್ಲ ನೆನಪಾಯಿತು. ಹೌದು, ಅಂದು ನಕ್ಕಿದ್ದರು. ಒಬ್ಬಿಬ್ಬರಲ್ಲ, ಎಲ್ಲರೂ.

ಅವಳು ಮೊರವನ್ನು ಹಾಗೇ ಎತ್ತಿಕೊಂಡು ಹೊರಟಳು. "ಅದನ್ನೆಲ್ಲಿ ಒಯ್ತಿ?" ಎಂದು ಗಂಗಾ ಕೇಳಿದರೂ ತಿರುಗಿ ನೋಡಲಿಲ್ಲ.

ಮನೆ ಮುಟ್ಟುವ ತನಕ ಅವಳಿಗೆ ಗಂಗಾಳ ಮೇಲೆಯೇ ಸಿಟ್ಟು. ಒಂದು ಸಲ ಹೇಳಿದರೆ ಆಯಿತೇ, ಎರಡನೆಯ ಸಲ ಹೇಳಲು ಏನಾಗಿತ್ತು, ನೇರ ಹೋಗಿ ಅವನ ಮುಂದೆ ನಿಲ್ಲುವುದೇ? ಮೊರವನ್ನು ದುರಗಪ್ಪನ ಮುಂದೆ ಕುಕ್ಕಿ ಎಲ್ಲ ಹೇಳಿದಳು.

"ಚೀಲ ಒಗದಂಗೆಲ್ಲಾ ನುಚ್ಚು ತಳಕ್ಕ ಇಳಿತೈತಿ," ಎಂದ ದುರಗಪ್ಪ. "ಹಮಾಲರಿಗೆ ಗೊತ್ತಿಲ್ಲೇನು ಅದು? ಟಂಟಂನಾಗ ರಾಣೇಬೆನ್ನೂರಿಂದ ಕುಲುಕ್ಯಾಡಿ ಬರತೈತಿ."

"ಮತ್ತ ಬಾಯಿ ಮುಚ್ಚಿಕೊಂಡು ಯಾಕ ಕುಂತಿದ್ರಿ?"

"ನನ್ನ ಕೇಳಿದ್ದು ತೂಕ. ತೂಕ ಹೇಳೇನಿ. ನೀನು ಯಾರ ಮಾತ ಕೇಳೂ ಹಂಗಿದ್ದಿ ಆಗ?"

ಉಚ್ಚಂಗೆವ್ವ ಆ ಹೊತ್ತು ಒಲೆ ಹಚ್ಚಲಿಲ್ಲ. ಮೊರದ ಮುಂದೆ ಕೂತು ಹರಳು ಆರಿಸಿದಳು. ವಿಜಯಮಹಾಂತೇಶನ ಅಂಗಡಿಯಲ್ಲಿ ಮೊಣಕೈ ತನಕ ಕೈ ಹಾಕಿದವಳು ತಾನೇ. ಚೀಲದ ಬುಡದಲ್ಲಿ ಏನಿರುತ್ತದೆಂದು ಬ್ಯಾಡಗಿಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಕೊಳ್ಳುವಾಗ ನೋಡಿದ್ದಳು, ಕೊಡುವಾಗ ನೋಡಿರಲಿಲ್ಲ. ಆರಿಸಿ ಉಳಿದ ನುಚ್ಚನ್ನೇ ಮರುದಿನ ಬೇಯಿಸಿದಳು. ಸಾರು ಅಂಟಂಟಾಗಿ, ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಎರಡು ದಿನ ಅದನ್ನೇ ಉಂಡಳು, ದುರಗಪ್ಪನಿಗೂ ಅದನ್ನೇ ಬಡಿಸಿದಳು. ಅವನು ಬಾಯಿಗೆ ಬಂದ ಹರಳನ್ನು ತಾಟಿನ ಅಂಚಿಗೆ ಇಟ್ಟು ಉಂಡ.

ಆ ಭಾನುವಾರ ಪಡಸಾಲೆಯಲ್ಲಿ ಎಲ್ಲರೂ ಬಂದು ಕೂತರು. ಶಾರದವ್ವ ಎಂದಿನಂತೆ ತನ್ನ ಡಬ್ಬಿಯನ್ನು ಮೊದಲು ತಂದಿಟ್ಟಳು. ಉಚ್ಚಂಗೆವ್ವ ಚೀಲದ ಬಾಯಿ ಬಿಚ್ಚಲಿಲ್ಲ. ಮನೆಯಿಂದ ತಂದ ತಾಡಪತ್ರಿಯನ್ನು ಪಡಸಾಲೆಯ ನಡುವೆ ಹಾಸಿ, "ಹಿಡೀರಿ ಆ ಕಡೆ," ಎಂದು ಸಲ್ಮಾಳಿಗೆ ಹೇಳಿ, ಇಡೀ ಚೀಲವನ್ನು ಅದರ ಮೇಲೆ ಸುರಿದಳು. ಕೊನೆಯಲ್ಲಿ ಹೊಗೆಯಂತೆ ಧೂಳು ಸುರಿಯಿತು. ಕೂತವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನಿದು, ನಡಮನಿ ಎಲ್ಲಾ ಧೂಳು?" ಎಂದಳು ಶಾರದವ್ವ.

"ಬುಡದ್ದ್ರಿ. ಐದು ತಿಂಗಳಿಂದ ಇದನ್ನ ಗಂಗಾಗ ಉಣಿಸೇವಿ. ಇವತ್ತಿಂದ ಕೇರಿ, ಕಲಸಿ, ಆಮ್ಯಾಲ ತೂಗೂದು. ಧೂಳು ಎಷ್ಟ ಹೋಗತೈತಿ ಅದು ಎಲ್ಲಾರ ಪಾಲಿನ್ಯಾಗೂ ಹೋಗಲಿ. ಮತ್ತ ಇನ್ನ ಮುಂದ ಹಂಚೂದು ಸಂಜಿ ಐದಕ್ಕ."

ಎಲ್ಲರೂ ಒಮ್ಮೆಲೆ ಮಾತಾಡಿದರು. ಒಬ್ಬಳಿಗಾಗಿ ಹದಿನೈದು ಮನೆಯವರು ಹೊತ್ತು ಬದಲಿಸಬೇಕೇ ಎಂದರು. ಬೆಳಿಗ್ಗೆ ಎದ್ದು ಬಂದವರಿಗೆ ಏನು ಬೆಲೆ ಎಂದರು. ಶಾರದವ್ವ ಕೊನೆಗೆ ಎದ್ದು ನಿಂತಳು.

"ನೋಡು ಉಚ್ಚಂಗೆವ್ವ. ಪಡಸಾಲಿ ನಂದು. ಜಾಗಾ ಕೊಟ್ಟಾಕಿ ನಾನು. ನನಗ ಮೊದಲಿಂದು ಸಿಕ್ರ ಅದರಾಗ ತಪ್ಪೇನೈತಿ?"

"ಜಾಗಕ್ಕ ಎರಡು ಕಿಲೋ ಹೆಚ್ಚಿಗಿ ಒಯ್ತೀರಿ. ಅದರ ಮ್ಯಾಲ ಚೊಲೋದೂ ಬೇಕಾ?"

"ಮಾತು ನೋಡಿ ಆಡು. ನನ್ನ ಹೊಚ್ಚಿಲದಾಗ ನಿಂತು ನನ್ನ ಕಳ್ಳಿ ಅನಬ್ಯಾಡ."

"ನಿಮಗಷ್ಟ ಅನ್ನಾಕತ್ತಿಲ್ರಿ." ಉಚ್ಚಂಗೆವ್ವನ ದನಿ ಈಗ ಎದುರಿಗೆ ಕೂತವರಿಗೂ ಕೇಳದಷ್ಟು ತಗ್ಗಿತ್ತು. ಕೇಳಲು ಎಲ್ಲರೂ ಬಾಯಿ ಮುಚ್ಚಬೇಕಾಯಿತು. "ಹಂಚಿದಾಕಿ ನಾನು. ಕೈ ನಂದು. ಅಂದಾನೆಪ್ಪಗ ಅಂದದ್ದನ್ನ ನನಗ ನಾ ಅಂದಕೊಂಡ ಬಂದೇನಿ. ನೀವು ಅನಿಸಿಕೊಳ್ಳಾಕ ತಯಾರಿಲ್ಲಂದ್ರ ಬಿಡ್ರಿ."

ಶಾರದವ್ವ ತನ್ನ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ತಾಡಪತ್ರಿಯ ನಾಲ್ಕು ಮೂಲೆ ಹಿಡಿದು, ಬೇಳೆಯನ್ನು ಹಾಗೇ ಜೋಲಿಯಂತೆ ಹೊತ್ತುಕೊಂಡು ಹೆಂಗಸರು ಹೊರಬಂದರು. ಎಲ್ಲರೂ ಅಲ್ಲ. ನಾಲ್ಕು ಜನ ಪಡಸಾಲೆಯಲ್ಲೇ ಉಳಿದರು. ಸಲ್ಮಾಳ ಮನೆಯ ಮುಂದಿನ ಗಟಾರದ ಮೇಲೆ ಕಲ್ಲು ಹಾಸಿನ ಜಾಗ ಒಂದಿತ್ತು. ಅಲ್ಲಿ ಹಾಸಿ, ಬಿಸಿಲಲ್ಲೇ ಕೂತು ಕೇರಿದರು. ಮೆಣಸಿನಕಾಯಿ ಧೂಳಿಗೆ ಒಗ್ಗಿದ ಮೂಗುಗಳೇ ಸೀನಿದವು.

ಕೇರಿದ ಬೇಳೆಯಲ್ಲಿ ಗಂಗಾಳ ಪಾಲನ್ನು ಉಚ್ಚಂಗೆವ್ವ ತಾನೇ ಒಯ್ದಳು. ಗಂಗಾ ಪೊಟ್ಟಣವನ್ನು ಮುಟ್ಟಲಿಲ್ಲ.

"ನಾ ಈ ತಿಂಗಳ ರೊಕ್ಕಾ ಕೊಟ್ಟಿಲ್ಲ."

"ಐದು ತಿಂಗಳ ಕೊಟ್ಟೀಯಲ್ಲ."

"ಪುಕ್ಕಟೆ ಕೊಡಾಕ ಬಂದೀ ಏನು? ಧರ್ಮಕ್ಕ ಉಣ್ಣಾಕಿ ಅಲ್ಲ ನಾನು." ಗಂಗಾಳ ಕಣ್ಣು ಕೆಂಪಗಾಗಿದ್ದವು. "ಅವತ್ತ ಎಲ್ಲಾರೂ ನಕ್ಕಾಗ ನೀನೂ ನಕ್ಕಿ. ಅದನ್ನ ಯಾವ ತಕ್ಕಡ್ಯಾಗ ತೂಗಿ ಕೊಡತಿ?"

"ನಾ ನಕ್ಕಿರಲಿಲ್ಲ," ಎನ್ನಬೇಕೆಂದಿದ್ದಳು ಉಚ್ಚಂಗೆವ್ವ. ಖರೇ ಹೇಳಬೇಕೆಂದರೆ ಅದೇ ನಿಜವೂ ಆಗಿತ್ತು, ಅವಳು ನಗುವವಳೇ ಅಲ್ಲ. ಆದರೆ ಆ ಮಾತು ಆಡಿದವಳು ತಾನು, ಉಳಿದವರು ನಕ್ಕದ್ದು ಅದಕ್ಕೇ. ಬಾಯಿಗೆ ಬಂದದ್ದನ್ನು ನುಂಗಿದಳು.

"ತಪ್ಪಾತು," ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೂ ಆಡದ ಮಾತು ಅದು. ಆಡಿದ ಮೇಲೆ ನಿಲ್ಲಲಾಗದೆ, ಪೊಟ್ಟಣ ಎತ್ತಿಕೊಂಡು ಸರಸರ ಮನೆಗೆ ಬಂದಳು.

ಗಂಗಾ ಮುಂದಿನ ತಿಂಗಳೂ ಬರಲಿಲ್ಲ. ಅದರ ಮುಂದಿನ ತಿಂಗಳು, ಸಂಜೆ ಐದರ ಹಂಚಿಕೆಗೆ ಬಂದು ದೂರ ನಿಂತಳು. ತಾಡಪತ್ರಿಯ ಮೇಲಿನ ರಾಶಿಯ ಹತ್ತಿರ ಬಂದು, ಬಗ್ಗಿ, ತಳದವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಹಿಡಿಯನ್ನು ಹಿಂದಕ್ಕೆ ಸುರಿದು, ರೊಕ್ಕವನ್ನು ಸಲ್ಮಾಳ ಮುಂದಿಟ್ಟು, "ನನ್ನ ಹೆಸರು ಬರಿ," ಎಂದಳು. "ರಾಣೇಬೆನ್ನೂರಿಗೆ ಮುಂದಿನ ಸಲ ನಾನೂ ಬರತೇನಿ. ಆ ಸಾವ್ಕಾರ ಬೆಲ್ಲ ಛಲೋ ಕೊಡಾಕತ್ತಿಲ್ಲ. ಇಕೀಗ ಬೇಳಿ ನೋಡಾಕ ಬರತೈತಿ, ಬೆಲ್ಲ ನೋಡಾಕ ಬರೂದಿಲ್ಲ."

ಉಚ್ಚಂಗೆವ್ವನಿಗೆ ಆ ಮಾತಿಗೂ ಸಿಟ್ಟು ಬಂತು. ಆದರೆ ಬೆಲ್ಲದ ವಿಷಯದಲ್ಲಿ ಗಂಗಾ ಹೇಳಿದ್ದು ಖರೇ ಇತ್ತು.

ಪಡಸಾಲೆಯಲ್ಲಿ ಉಳಿದ ನಾಲ್ವರಲ್ಲಿ ಇಬ್ಬರು ಮರಳಿ ಬಂದು, ಈಗ ಆ ಕೂಟದಲ್ಲಿ ಹದಿಮೂರು ಮನೆಗಳಿವೆ. ಶಾರದವ್ವ ಉಚ್ಚಂಗೆವ್ವನ ಜೊತೆ ಇನ್ನೂ ಮಾತಾಡುವುದಿಲ್ಲ; ಎದುರಿಗೆ ಬಂದರೆ ಸೆರಗು ಸರಿಪಡಿಸಿಕೊಳ್ಳುತ್ತ ಆಚೆ ನೋಡುತ್ತಾಳೆ. ರಾಣೇಬೆನ್ನೂರಿನ ವಿಜಯಮಹಾಂತೇಶ ಈಗ ಉಚ್ಚಂಗೆವ್ವ, ಗಂಗಾ ಇಬ್ಬರೂ ಬರುವುದನ್ನು ದೂರದಿಂದ ಕಂಡೇ, "ಬಂದ್ರಪ್ಪ," ಎಂದು ಹಮಾಲನಿಗೆ ಹೇಳಿ ನಾಲ್ಕು ಚೀಲ ಮುಂದೆ ತರಿಸಿಡುತ್ತಾನೆ. ಒಂದು ಚೀಲ ಒಪ್ಪಲು ಇಬ್ಬರೂ ಅವನೊಂದಿಗೆ ಜಗಳಾಡುತ್ತಾರೆ, ಆಮೇಲೆ ಬಸ್ಸಿನಲ್ಲಿ ತಮ್ಮತಮ್ಮಲ್ಲೇ ಜಗಳಾಡುತ್ತಾರೆ. ಹಂಚಿಕೆಯ ಹೊತ್ತನ್ನು ಮತ್ತೆ ಬೆಳಿಗ್ಗೆಗೆ ತರಬೇಕೆಂದು ಯಾರಾದರೂ ಅಂದರೆ ಗಂಗಾ ಉತ್ತರ ಕೊಡುವ ಮುಂಚೆ ಉಚ್ಚಂಗೆವ್ವ ಕೊಡುತ್ತಾಳೆ.

ಅಂದಾನೆಪ್ಪ ಕಳೆದ ದೀಪಾವಳಿಗೆ ಹೊಸ ತಕ್ಕಡಿ ತಂದ. ಅಂಕಿಗಳು ಗಿರಾಕಿಯ ಕಡೆಗೂ ಕಾಣುವಂಥದು. ಅಂಗಡಿಯ ಮೇಲೆ "ಸರಿಯಾದ ತೂಕ, ಸರಿಯಾದ ಬೆಲೆ" ಎಂದು ಬೋರ್ಡು ಬರೆಸಿದ. ಓಣಿಯ ಗಂಡಸರು ಚಹಾ ಕುಡಿಯುತ್ತ, ಅಂದಾನೆಪ್ಪ ಎಂಥ ಪ್ರಾಮಾಣಿಕ ಮನುಷ್ಯ ಎಂದು ಮಾತಾಡಿಕೊಳ್ಳುತ್ತಾರೆ. ಶೆಡ್ಡಿಗೆ ಹೋಗುವಾಗ ಉಚ್ಚಂಗೆವ್ವ ದಿನವೂ ಆ ಬೋರ್ಡಿನ ಕೆಳಗೇ ಹಾಯುತ್ತಾಳೆ. ಓದಲು ಬಾರದಿದ್ದರೂ ಅದರಲ್ಲಿ ಏನು ಬರೆದಿದೆಯೆಂದು ಸಲ್ಮಾ ಹೇಳಿದ್ದಾಳೆ. ಒಂದು ದಿನ ಅಂದಾನೆಪ್ಪನೇ ಕರೆದು, "ಈಗರ ಬರೋಬ್ಬರಿ ಐತಲ್ಲ ಉಚ್ಚಂಗೆವ್ವ, ಇನ್ನೂ ಯಾಕ ಸಿಟ್ಟು?" ಎಂದು ಕೇಳಿದ.

"ಈಗಿಂದು ಬರೋಬ್ಬರಿ ಐತ್ರಿ," ಎಂದಳು ಅವಳು. "ಆರು ವರ್ಷದ್ದು ಯಾವಾಗ ತೂಗತೀರಿ?"

ಅಂದಾನೆಪ್ಪ ಲೋಟ ಒರೆಸುವವನಂತೆ ಆಚೆ ತಿರುಗಿದ. ಅವಳು ಮುಂದೆ ನಡೆದಳು. ಶೆಡ್ಡಿನಲ್ಲಿ ಆ ದಿನದ ಚೀಲಗಳು ಆಗಲೇ ಇಳಿದಿದ್ದವು.